ಮನೆಯಲ್ಲಿ ಕಟ್ಟಿದ ಆಂಪ್ಲಿಫಾಯರಿನಲ್ಲಿ ವೋಲ್ಟೇಜ್ ತಪ್ಪಿದಾಗ

ಕಳೆದ ವರ್ಷ ಶ್ರಾವಣ ಮಾಸಕ್ಕೆ ಹದಿನೈದು ದಿನ ಮುಂಚೆ ನಮ್ಮ ವಿಭಾಗದ ದ್ವಿತೀಯ ವರ್ಷದ ವಿದ್ಯಾರ್ಥಿಯೊಬ್ಬ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ನನ್ನಲ್ಲಿಗೆ ಬಂದ. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರಿಂದ ದಿನವೂ ಎಸ್.ಟಿ. ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬಂದು ಹೋಗುವ ಹುಡುಗ. ಅವನ ಊರ ಗುಡಿಯಲ್ಲಿ ಶ್ರಾವಣದುದ್ದಕ್ಕೂ ಭಜನೆ, ಪುರಾಣ, ತತ್ತ್ವಪದಗಳ ಗಾಯನ ನಡೆಯುತ್ತದೆ. ವರ್ಷವರ್ಷವೂ ಮೈಕ್ ಸೆಟ್ಟಿಗೆ ಬಾಡಿಗೆ ತೆರುವುದು ಹೊರೆಯಾಗಿ, ಭಜನಾ ಮಂಡಳಿಯ ಹಿರಿಯರು ಮನೆಮನೆಯಿಂದ ಪಟ್ಟಿ ಎತ್ತಿ ಆ ಹಣವನ್ನು ಇವನ ಕೈಗಿಟ್ಟಿದ್ದರು. ಇವನು ಪೇಟೆಯಲ್ಲಿ ಆಂಪ್ಲಿಫಾಯರ್ ಕಿಟ್ ಒಂದನ್ನು ಕೊಂಡು ಮನೆಯಲ್ಲಿಯೇ ಬೆಸೆದು ಜೋಡಿಸಿದ್ದ. ಪೆಟ್ಟಿಗೆಯಲ್ಲಿದ್ದುದು ಅದೇ.

“ಸರ, ಲೈಟ್ ಹತ್ತತದ, ಖರೆ ಆವಾಜ ಒಡದು ಬರ್ತದ. ಐಸಿ ಎರಡು ಸಲ ಬದಲಿ ಮಾಡೀನ್ರಿ. ಅಂಗಡಿಯಾಂವ ಡೂಪ್ಲಿಕೇಟ್ ಮಾಲ್ ಕೊಟ್ಟಾನ್ರಿ,” ಎಂದ.

“ವೋಲ್ಟೇಜ್ ಅಳದಿ ಏನೋ ತಮ್ಮಾ?” ಎಂದು ಕೇಳಿದೆ.

“ಅಳದೀನ್ರಿ. ತಪ್ಪು ಬರ್ತದ.”

ಕನ್ನಡ ಅಧ್ಯಾಪಕನ ಬಳಿಗೆ ಇಂಥ ಪೆಟ್ಟಿಗೆ ಬಂದುದಕ್ಕೆ ಕಾರಣ, ವಿದ್ಯಾರ್ಥಿದೆಸೆಯಿಂದಲೂ ನನಗಿರುವ ರೇಡಿಯೋ ರಿಪೇರಿಯ ಗೀಳು. ಅದು ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಆ ಪೆಟ್ಟಿಗೆಯ ದೋಷವನ್ನು ಹುಡುಕಿದ ಬಗೆಯನ್ನು ಈ ವಾರ್ತಾಪತ್ರದಲ್ಲಿ ಬರೆಯುವುದಕ್ಕೆ ಬೇರೆಯೇ ಕಾರಣವಿದೆ. “ವೋಲ್ಟೇಜ್ ತಪ್ಪು ಬರುತ್ತದೆ” ಎಂಬ ವಾಕ್ಯದಲ್ಲಿ ಏನು ತಪ್ಪು, ಯಾವುದಕ್ಕೆ ಹೋಲಿಸಿದರೆ ತಪ್ಪು, ಎಲ್ಲಿಂದ ಅಳೆದರೆ ತಪ್ಪು ಎಂಬ ಮೂರು ಪ್ರಶ್ನೆಗಳು ಅಡಗಿವೆ. ಅವುಗಳಿಗೆ ಉತ್ತರ ಹುಡುಕದೆ ಬಿಡಿಭಾಗಗಳನ್ನು ಬದಲಿಸುತ್ತ ಹೋದರೆ ಹಣವೂ ಹೋಗುತ್ತದೆ, ತಪ್ಪು ಮಾಡದವರ ಮೇಲೆ ಅಪವಾದವೂ ಬರುತ್ತದೆ.

ಪದದೊಳಗೇ ಇರುವ ಪಾಠ

ವೋಲ್ಟ್ ಎಂಬ ಮಾನಕ್ಕೆ ಆ ಹೆಸರು ಬಂದುದು 1800ರಲ್ಲಿ ಮೊದಲ ವಿದ್ಯುತ್ಕೋಶದ ಸುದ್ದಿಯನ್ನು ಲೋಕಕ್ಕೆ ತಿಳಿಸಿದ ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾನಿಂದ. ವೋಲ್ಟೇಜ್ ಎಂಬ ಪದ ಹೀಗೆ ಒಬ್ಬ ವ್ಯಕ್ತಿಯನ್ನು ನೆನಪಿಸುತ್ತದೆಯೇ ಹೊರತು ಆ ರಾಶಿಯ ಸ್ವರೂಪವನ್ನು ತಿಳಿಸುವುದಿಲ್ಲ. ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಇದಕ್ಕೆ ‘ವಿಭವಾಂತರ’ ಎಂಬ ಪದವಿದೆ. ವಿಭವ ಎಂದರೆ ವಿದ್ಯುತ್ತಿನ ಮಟ್ಟ. ಅಂತರ ಎಂದರೆ ಎರಡು ಮಟ್ಟಗಳ ನಡುವಣ ವ್ಯತ್ಯಾಸ. ಅಂತರಕ್ಕೆ ಎರಡು ತುದಿಗಳು ಬೇಕೇ ಬೇಕು. ಒಂದೇ ಬಿಂದುವಿನ ವೋಲ್ಟೇಜ್ ಎಂಬುದೊಂದಿಲ್ಲ ಎಂಬ ಮಾತನ್ನು ಈ ಸಂಸ್ಕೃತ ಸಮಾಸ ತಾನಾಗಿಯೇ ಹೇಳುತ್ತದೆ.

ಸೊಲ್ಲಾಪುರ ಸುಮಾರು 450 ಮೀಟರ್ ಎತ್ತರದಲ್ಲಿದೆ ಎಂದಾಗ ಸಮುದ್ರಮಟ್ಟದಿಂದ ಎಂಬ ಮಾತು ಅಧ್ಯಾಹಾರವಾಗಿರುತ್ತದೆ. ಸಿದ್ಧೇಶ್ವರ ಕೆರೆಯ ನೀರಿನ ಮಟ್ಟದಿಂದ ಅಳೆದರೆ ಅದೇ ಊರಿನ ಅದೇ ಮನೆಯ ಎತ್ತರ ಕೆಲವೇ ಮೀಟರ್ ಆದೀತು. ಎರಡು ಅಂಕಿಗಳೂ ಸರಿಯೇ. ಎಲ್ಲಿಂದ ಅಳೆದೆವು ಎಂಬುದನ್ನು ಮರೆತಾಗ ಮಾತ್ರ ತಪ್ಪು ಹುಟ್ಟುತ್ತದೆ. ಮಲ್ಟಿಮೀಟರಿಗೆ ಎರಡು ಮೊನೆಗಳಿರುವುದೂ ಇದಕ್ಕಾಗಿಯೇ. ಕೆಂಪು ಮೊನೆ ಎಲ್ಲಿದೆ ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಕಪ್ಪು ಮೊನೆ ಎಲ್ಲಿ ನಿಂತಿದೆ, ಅದು ನಿಂತ ನೆಲ ಗಟ್ಟಿಯಾಗಿದೆಯೇ ಎಂಬುದನ್ನು ಗಮನಿಸುವವರು ಕಡಿಮೆ.

ಅಳೆಯುವ ಮೊದಲು ತಿಳಿದಿರಬೇಕಾದ ಅಂಕಿಗಳು

ವಿದ್ಯಾರ್ಥಿ ತಂದದ್ದು ಟಿಡಿಎ 2030 ಎಂಬ ಐಸಿಯ ಕಿಟ್. ಐದು ಕಾಲುಗಳ ಈ ಐಸಿ ನಮ್ಮ ದೇಶದ ಹವ್ಯಾಸಿಗಳಿಗೆ ಬಹುಕಾಲದಿಂದ ಪರಿಚಿತ. ಸರಿಯಾದ ಪೂರೈಕೆ ಕೊಟ್ಟರೆ 4 ಓಮಿನ ಸ್ಪೀಕರಿಗೆ 12ರಿಂದ 14 ವಾಟ್ ಶಕ್ತಿಯನ್ನು ನೀಡಬಲ್ಲದು. ಚಿಕ್ಕ ಗುಡಿಯ ಭಜನೆಗೆ ಅಷ್ಟು ಸಾಕು. ಅದಕ್ಕೆ ವಿದ್ಯುತ್ತನ್ನು ಒದಗಿಸುವುದು 12-0-12 ಎಂದು ಗುರುತಿರುವ ಟ್ರಾನ್ಸ್‌ಫಾರ್ಮರ್. ಅದರ ಎರಡು ತುದಿಯ ತಂತಿಗಳ ನಡುವೆ ಮೂರನೆಯ ತಂತಿಯೊಂದು ಹೊರಬರುತ್ತದೆ. ಅದಕ್ಕೆ ಸೆಂಟರ್ ಟ್ಯಾಪ್ ಎಂದು ಹೆಸರು. ಈ ನಡುವಣ ತಂತಿಯೇ ಇಡೀ ಮಂಡಲದ ಸೊನ್ನೆ, ಅಂದರೆ ಗ್ರೌಂಡ್.

“ಎಷ್ಟು ಬರಬೇಕಾಗಿತ್ತು?” ಎಂದು ಕೇಳಿದಾಗ ವಿದ್ಯಾರ್ಥಿ “12 ವೋಲ್ಟ್” ಎಂದ. ಬಹುಜನ ಎಡವುವ ಮೊದಲ ಮೆಟ್ಟಿಲು ಇದು. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ 12 ವೋಲ್ಟ್ ಪರ್ಯಾಯ ವಿದ್ಯುತ್ತಿನ ಪರಿಣಾಮಕಾರಿ ಮೌಲ್ಯ. ಆ ಅಲೆಯ ಶಿಖರ ಅದರ 1.414 ಪಟ್ಟು, ಎಂದರೆ ಸುಮಾರು 17 ವೋಲ್ಟ್. ರೆಕ್ಟಿಫಾಯರಿನ ಡಯೋಡುಗಳು ಅಲೆಯನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೆ ಕೆಪಾಸಿಟರುಗಳು ಶಿಖರದ ಮಟ್ಟದವರೆಗೆ ತುಂಬಿಕೊಳ್ಳುತ್ತವೆ. ದಾರಿಯಲ್ಲಿ ಡಯೋಡ್ ಸುಮಾರು 0.7 ವೋಲ್ಟನ್ನು ತನ್ನ ಪಾಲಿಗೆ ಇಟ್ಟುಕೊಳ್ಳುತ್ತದೆ. ಆದ್ದರಿಂದ ಗ್ರೌಂಡಿನಿಂದ ಅಳೆದಾಗ ಒಂದು ಬದಿಗೆ ಸುಮಾರು +16.3, ಇನ್ನೊಂದು ಬದಿಗೆ ಸುಮಾರು −16.3 ಬರಬೇಕು. 12 ನಿರೀಕ್ಷಿಸಿ 16 ಕಂಡವನು ಗಾಬರಿಯಾದರೆ ಅಲ್ಲಿ ತಪ್ಪಿರುವುದು ನಿರೀಕ್ಷೆ.

ಆದಕಾರಣ ಮೀಟರನ್ನು ಕೈಗೆತ್ತಿಕೊಳ್ಳುವ ಮೊದಲು ಕಾಗದ, ಪೆನ್ನು ಹಿಡಿಯಬೇಕು. ಈ ಕಿಟ್ಟಿನ ಮಟ್ಟಿಗೆ ನಾವು ಬರೆದುಕೊಂಡ ನಿರೀಕ್ಷಿತ ಅಂಕಿಗಳು ಇವು. 5ನೆಯದರಿಂದ ಮುಂದಿನವೆಲ್ಲ ಗ್ರೌಂಡಿನಿಂದ ಅಳೆಯಬೇಕಾದವು.

1. ಟ್ರಾನ್ಸ್‌ಫಾರ್ಮರಿನ ನಡುವಿನಿಂದ ಪ್ರತಿ ತುದಿಗೆ: ಎ.ಸಿ. 12 ವೋಲ್ಟ್.
2. ಒಂದು ತುದಿಯಿಂದ ಇನ್ನೊಂದು ತುದಿಗೆ: ಎ.ಸಿ. 24 ವೋಲ್ಟ್.
3. ಪಾಸಿಟಿವ್ ಕೆಪಾಸಿಟರಿನ ಎರಡು ಕಾಲುಗಳ ನಡುವೆ: ಡಿ.ಸಿ. ಸುಮಾರು 16.3 ವೋಲ್ಟ್.
4. ನೆಗೆಟಿವ್ ಕೆಪಾಸಿಟರಿನ ಎರಡು ಕಾಲುಗಳ ನಡುವೆಯೂ ಅಷ್ಟೇ.
5. ಐಸಿಯ 5ನೆಯ ಕಾಲು: ಸುಮಾರು +16.3 ವೋಲ್ಟ್.
6. ಐಸಿಯ 3ನೆಯ ಕಾಲು: ಸುಮಾರು −16.3 ವೋಲ್ಟ್.
7. 1 ಮತ್ತು 2ನೆಯ ಕಾಲುಗಳು, ಅಂದರೆ ಒಳಬರುವ ದನಿಯ ಕಾಲುಗಳು: ಸೊನ್ನೆಯ ಹತ್ತಿರ.
8. 4ನೆಯ ಕಾಲು, ಅಂದರೆ ಸ್ಪೀಕರಿಗೆ ಹೋಗುವ ಕಾಲು: ಸೊನ್ನೆಯ ಹತ್ತಿರ, ಹೆಚ್ಚೆಂದರೆ ಕೆಲವು ಹತ್ತು ಮಿಲಿವೋಲ್ಟ್.

ಮನೆಯ ವಿದ್ಯುತ್ತು ಸರಿಯಾಗಿ 230 ವೋಲ್ಟ್ ಇರುವುದು ಅಪರೂಪವಾದ್ದರಿಂದ ಈ ಅಂಕಿಗಳು ಅರ್ಧ, ಒಂದು ವೋಲ್ಟ್ ಅತ್ತಿತ್ತ ಆಗುವುದು ಸಹಜ. ನಾವು ಹುಡುಕುವುದು ಅಂಥ ಅಲ್ಪ ವ್ಯತ್ಯಾಸವನ್ನಲ್ಲ.

ಎಂಟನೆಯ ಅಂಕಿಯ ಬಗೆಗೆ ಒಂದು ಮಾತು. ಇಂಥ ದ್ವಿಮುಖ ಪೂರೈಕೆಯ ಮಂಡಲದಲ್ಲಿ ಐಸಿಗೂ ಸ್ಪೀಕರಿಗೂ ನಡುವೆ ತಡೆಯುವ ಕೆಪಾಸಿಟರ್ ಇರುವುದಿಲ್ಲ. 4ನೆಯ ಕಾಲಿನಲ್ಲಿ 15 ವೋಲ್ಟಿನ ನೇರ ವಿದ್ಯುತ್ತು ನಿಂತುಬಿಟ್ಟರೆ, ಸುರುಳಿಯ ರೋಧ 6 ಓಮ್ ಇರುವ ಸ್ಪೀಕರಿನಲ್ಲಿ 2.5 ಆಂಪಿಯರ್ ಹರಿದು 37 ವಾಟಿನಷ್ಟು ಶಾಖ ಹುಟ್ಟುತ್ತದೆ. ದನಿ ಹೊರಡುವುದಿಲ್ಲ, ಸುರುಳಿ ಸುಡುತ್ತದೆ. ಆದ್ದರಿಂದ ಈ ಅಂಕಿಯನ್ನು ನೋಡಿದ ಮೇಲೆಯೇ ಸ್ಪೀಕರ್ ಜೋಡಿಸಬೇಕು.

ಮೊದಲು ಜೀವ, ಆಮೇಲೆ ಯಂತ್ರ

ಟ್ರಾನ್ಸ್‌ಫಾರ್ಮರಿನ ಈಚೆಗಿರುವ 12 ವೋಲ್ಟ್ ಕೈಗೆ ಅಪಾಯಕಾರಿಯಲ್ಲ. ಆಚೆಗಿರುವ 230 ವೋಲ್ಟ್ ಪ್ರಾಣವನ್ನೇ ತೆಗೆಯಬಲ್ಲದು. ಪ್ಲಗ್, ಸ್ವಿಚ್, ಫ್ಯೂಸ್ ಇರುವ ಆ ಬದಿಯ ಪ್ರತಿಯೊಂದು ಜೋಡಣೆಯನ್ನೂ ಸ್ಲೀವ್ ಹಾಕಿ ಮುಚ್ಚಿದ ಮೇಲೆಯೇ ವಿದ್ಯುತ್ತು ಕೊಡಬೇಕು. ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿ ಸ್ವಿಚ್ಚಿನ ಎರಡು ಕಡ್ಡಿಗಳು ಬರಿಯವಾಗಿದ್ದವು. ನಾವು ಮಾಡಿದ ಮೊದಲ ರಿಪೇರಿ ಅದೇ.

ಎರಡನೆಯದು, ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಬಲ್ಬು. 60 ವಾಟಿನ ಹಳೆಯ ಮಾದರಿಯ ತಂತುದೀಪವೊಂದನ್ನು ವಿದ್ಯುತ್ತಿನ ಒಂದು ತಂತಿಯ ದಾರಿಯಲ್ಲಿ ಸೇರಿಸಿದರೆ, ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬು ಉರಿಯುತ್ತದೆ, ಮಂಡಲ ಉಳಿಯುತ್ತದೆ. ಎಲ್ಲವೂ ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಇದಕ್ಕೆ ಎಲ್.ಇ.ಡಿ. ಬಲ್ಬು ನಡೆಯದು.

ಮೂರನೆಯದು, ಪ್ಲಗ್ ಕಿತ್ತ ಕೂಡಲೇ ಮಂಡಲ ನಿರ್ಜೀವವಾಗುವುದಿಲ್ಲ. ದೊಡ್ಡ ಕೆಪಾಸಿಟರುಗಳು ತಮ್ಮಲ್ಲಿ ತುಂಬಿಕೊಂಡದ್ದನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. 220 ಓಮಿನ ರೆಸಿಸ್ಟರನ್ನು ಅವುಗಳ ಕಾಲುಗಳಿಗೆ ಐದಾರು ಸೆಕೆಂಡು ತಾಗಿಸಿ ಬರಿದುಮಾಡಿ, ಮೀಟರಿನಿಂದ ಸೊನ್ನೆಯಾಯಿತೆಂದು ನೋಡಿದ ಮೇಲೆ ಬೆಸುಗೆಗೆ ಕೈಹಾಕಬೇಕು.

ಅಳತೆಗೋಲನ್ನೂ ಅಳೆಯಬೇಕು

ಮೀಟರ್ ಕೂಡ ಒಬ್ಬ ಸಾಕ್ಷಿ. ಸಾಕ್ಷಿ ನಂಬತಕ್ಕವನೇ ಎಂದು ಮೊದಲು ವಿಚಾರಿಸಬೇಕು. ಅಗ್ಗದ ಡಿಜಿಟಲ್ ಮೀಟರುಗಳಲ್ಲಿ ಒಳಗಿನ ಬ್ಯಾಟರಿ ಕ್ಷೀಣಿಸಿದಾಗ ಅಂಕಿಗಳು ಇದ್ದುದಕ್ಕಿಂತ ಹೆಚ್ಚಾಗಿ ತೋರುವುದುಂಟು. ಹೊಸ ಪೆನ್‌ಸೆಲ್ ಒಂದನ್ನು ಅಳೆದು 1.5ರಿಂದ 1.6ರ ಒಳಗೆ ಬಂದರೆ ಮುಂದುವರಿಯಬಹುದು. ತಿರುಗುಗುಂಡಿ ಎ.ಸಿ.ಯಲ್ಲಿದೆಯೋ ಡಿ.ಸಿ.ಯಲ್ಲಿದೆಯೋ ನೋಡಬೇಕು. ವಿದ್ಯುತ್ತು ಇರುವಾಗ ಓಮಿನ ಸ್ಥಾನಕ್ಕೆ ತಿರುಗಿಸಬಾರದು. ವಿದ್ಯಾರ್ಥಿಯ ಮೀಟರ್ ಸರಿಯಿತ್ತು, ಸೆಲ್ 1.58 ತೋರಿತು.

ಮೊತ್ತ ಸರಿ, ಹಂಚಿಕೆ ತಪ್ಪು

ಸ್ಪೀಕರನ್ನು ಬಿಚ್ಚಿಟ್ಟು, ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ತು ಕೊಟ್ಟೆವು. ಬಲ್ಬು ಮಿಂಚಿ ಮಂಕಾಯಿತು, ಶಾರ್ಟ್ ಇಲ್ಲವೆಂದಾಯಿತು. ಕಪ್ಪು ಮೊನೆಯನ್ನು ಬೋರ್ಡಿನ ಗ್ರೌಂಡಿನಲ್ಲಿರಿಸಿ ಅಳೆದಾಗ ಪಾಸಿಟಿವ್ ಬದಿಗೆ +4.8, ನೆಗೆಟಿವ್ ಬದಿಗೆ −27.9 ವೋಲ್ಟ್ ಬಂತು. ಒಡನೆ ವಿದ್ಯುತ್ತು ಆರಿಸಿದೆ. ಕಿಟ್ಟಿನಲ್ಲಿದ್ದ ಕೆಪಾಸಿಟರುಗಳ ಮೇಲೆ 25 ವೋಲ್ಟ್ ಎಂದು ಅಚ್ಚಾಗಿತ್ತು. ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಬಿಟ್ಟರೆ ಅಂಥ ಕೆಪಾಸಿಟರ್ ಕಾದು, ಉಬ್ಬಿ, ಸಿಡಿಯಬಹುದು. ನೆಗೆಟಿವ್ ಬದಿಯ ಕೆಪಾಸಿಟರಿನ ತಲೆ ಆಗಲೇ ತುಸು ಉಬ್ಬಿತ್ತು.

ವಿದ್ಯಾರ್ಥಿಯ ತರ್ಕ ಹೀಗಿತ್ತು: ಪಾಸಿಟಿವ್ ಬದಿ ಬಿದ್ದುಹೋಗಿದೆ, ಆ ಬದಿಯಿಂದ ಐಸಿ ಹೆಚ್ಚು ಎಳೆಯುತ್ತಿದೆ, ಐಸಿ ನಕಲಿ. ಆದ್ದರಿಂದ ಐಸಿ ಬದಲಿಸಿದ್ದ. ಫಲ ಅದೇ. ಇನ್ನೊಮ್ಮೆ ಬದಲಿಸಿದ್ದ. ಫಲ ಮತ್ತೂ ಅದೇ.

ಇಲ್ಲಿ ನಮ್ಮ ಪಠ್ಯಕ್ರಮದ ವಿಷಯವೊಂದನ್ನು ನೆನಪಿಸಬಹುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆ ಹಸ್ತಪ್ರತಿಗಳ ವಂಶವೃಕ್ಷದ ಕಲ್ಪನೆ ಇರುತ್ತದೆ. ಬೇರೆ ಬೇರೆ ಪ್ರತಿಗಳಲ್ಲಿ ಒಂದೇ ಅಪಪಾಠ ಒಂದೇ ಸ್ಥಳದಲ್ಲಿ ಕಂಡುಬಂದರೆ ಅಷ್ಟು ಜನ ಲಿಪಿಕಾರರೂ ಬೇರೆಬೇರೆಯಾಗಿ ತಪ್ಪಿದರೆಂದು ಸಂಪಾದಕ ಭಾವಿಸುವುದಿಲ್ಲ. ಅವೆಲ್ಲಕ್ಕೂ ಮೂಲವಾದ ಪ್ರತಿಯಲ್ಲಿಯೇ ತಪ್ಪಿತ್ತೆಂದು ಊಹಿಸುತ್ತಾನೆ. ಮೂರು ಐಸಿಗಳಲ್ಲಿಯೂ ಒಂದೇ ದೋಷ ಬಂದಾಗ ದೋಷ ಐಸಿಯಲ್ಲಿಲ್ಲ, ಅದಕ್ಕಿಂತ ಮೇಲೆ ಇದೆ ಎಂದು ತಿಳಿಯಬೇಕಾಗಿತ್ತು. ಎರಡನೆಯ ಐಸಿಗೆ ಕೊಟ್ಟ ಹಣವನ್ನಾದರೂ ಉಳಿಸಬಹುದಾಗಿತ್ತು.

“ಎರಡೂ ಕೂಡಿಸಿ ನೋಡು,” ಎಂದೆ. 4.8 ಮತ್ತು 27.9 ಕೂಡಿದರೆ 32.7. ನಿರೀಕ್ಷಿತ ಅಂಕಿಗಳ ಮೊತ್ತ 16.3ರ ಎರಡರಷ್ಟು, ಅಂದರೆ 32.6. ಹುಡುಗ ಕಾಗದವನ್ನು ಸ್ವಲ್ಪ ಹೊತ್ತು ನೋಡಿ, “ಹಂಗಾದ್ರ ಕಡಿಮಿ ಏನೂ ಆಗಿಲ್ರಿ ಸರ,” ಎಂದ.

ನಿಜ. ಟ್ರಾನ್ಸ್‌ಫಾರ್ಮರ್, ಡಯೋಡು, ಕೆಪಾಸಿಟರುಗಳು ಕೊಡಬೇಕಾದುದನ್ನೆಲ್ಲ ಕೊಡುತ್ತಿದ್ದವು. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಇರಬೇಕಾದ ಅಂತರ ಯಥಾಪ್ರಕಾರ ಇತ್ತು. ಸರಿದಿದ್ದುದು ನಡುವಣ ಸೊನ್ನೆ. ಎರಡು ತುದಿಗಳ ಮಧ್ಯದಲ್ಲಿ ನಿಲ್ಲಬೇಕಾದ ಗ್ರೌಂಡು ಪಾಸಿಟಿವ್ ತುದಿಯ ಕಡೆಗೆ ಜಾರಿಹೋಗಿತ್ತು. ಆ ಸೊನ್ನೆಯನ್ನು ಮಧ್ಯದಲ್ಲಿ ಹಿಡಿದು ನಿಲ್ಲಿಸುವುದು ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್. ಅದು ಬೋರ್ಡಿಗೆ ತಲುಪುತ್ತಿಲ್ಲವೆಂದಾದರೆ ಸೊನ್ನೆ ಅನಾಥವಾಗುತ್ತದೆ. ಯಾರು ಎಳೆದರೆ ಆ ಕಡೆಗೆ ಹೋಗುತ್ತದೆ.

ಎಳೆದವರಾರು? ವಿದ್ಯಾರ್ಥಿ ಮೊದಲ ವಾಕ್ಯದಲ್ಲಿಯೇ ಹೇಳಿದ್ದ ಆ ‘ಲೈಟು’. ಕಿಟ್ಟಿನಲ್ಲಿ ಪಾಸಿಟಿವ್ ತುದಿಯಿಂದ ಗ್ರೌಂಡಿಗೆ ಒಂದು ಸೂಚಕ ಎಲ್.ಇ.ಡಿ. ಜೋಡಿಸಲಾಗಿತ್ತು. ಸೆಂಟರ್ ಟ್ಯಾಪ್ ಸರಿಯಿದ್ದರೆ ಅದರ ಮೂಲಕ ಹರಿದ ಅಲ್ಪ ವಿದ್ಯುತ್ತು ಟ್ರಾನ್ಸ್‌ಫಾರ್ಮರಿಗೆ ಮರಳುತ್ತಿತ್ತು. ಮರಳುವ ದಾರಿ ಇಲ್ಲದೆ ಅದು ಗ್ರೌಂಡಿನ ಮಟ್ಟವನ್ನೇ ತನ್ನ ಕಡೆಗೆ, ಅಂದರೆ ಪಾಸಿಟಿವ್ ಕಡೆಗೆ ಏರಿಸಿತ್ತು. ತನಗೆ ಉಳಿದ 4.8 ವೋಲ್ಟಿನಲ್ಲಿ ಆ ದೀಪ ಮಂಕಾಗಿ ಉರಿಯುತ್ತಿತ್ತು. “ಲೈಟ್ ಹತ್ತತದ” ಎಂಬುದು ಸತ್ಯವೇ. ಅದು ಮಂಕಾಗಿ ಹತ್ತುತ್ತದೆ ಎಂಬ ವಿಶೇಷಣ ಬಿಟ್ಟುಹೋಗಿತ್ತು.

ಕೆಪಾಸಿಟರುಗಳನ್ನು ಬರಿದುಮಾಡಿ, ಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ, ಒಂದು ಮೊನೆಯನ್ನು ಸೆಂಟರ್ ಟ್ಯಾಪ್ ತಂತಿಯ ಬರಿಯ ತಾಮ್ರಕ್ಕೂ ಇನ್ನೊಂದನ್ನು ಬೋರ್ಡಿನ ಗ್ರೌಂಡ್ ಪಟ್ಟಿಗೂ ತಾಗಿಸಿದೆವು. ಸದ್ದಿಲ್ಲ. ಮೇಲಿನಿಂದ ನೋಡಿದರೆ ಬೆಸುಗೆ ಇತ್ತು. ಆದರೆ ಅದು ಹೊಳಪಿಲ್ಲದೆ ಉಂಡೆಗಟ್ಟಿ ಕುಳಿತಿತ್ತು. ಭೂತಗನ್ನಡಿಯಲ್ಲಿ ತಂತಿಯ ಸುತ್ತ ಕೂದಲಿನಷ್ಟು ತೆಳುವಾದ ಬಿರುಕಿನ ಉಂಗುರ ಕಂಡಿತು. ರಿಪೇರಿಯವರು ಡ್ರೈ ಸೋಲ್ಡರ್ ಎನ್ನುವುದು ಇದನ್ನೇ. ಗ್ರೌಂಡಿನ ತಾಮ್ರಪಟ್ಟಿ ಅಗಲವಾದುದರಿಂದ ಶಾಖವನ್ನು ಬೇಗ ಹೀರಿಕೊಳ್ಳುತ್ತದೆ. ಉಳಿದೆಡೆ ಸಾಕಾದ ಎರಡು ಸೆಕೆಂಡಿನ ಕಾಯಿಸುವಿಕೆ ಅಲ್ಲಿ ಸಾಲುವುದಿಲ್ಲ. ತವರ ಕರಗಿದಂತೆ ತೋರಿ ತಾಮ್ರವನ್ನು ಹಿಡಿಯದೆ ಆರಿಬಿಡುತ್ತದೆ.

ಹಳೆಯ ಬೆಸುಗೆಯನ್ನು ತೆಗೆದು, ತಾಮ್ರವನ್ನು ಉಜ್ಜಿ, ಚೆನ್ನಾಗಿ ಕಾಯಿಸಿ ಹೊಸದಾಗಿ ಬೆಸೆದದ್ದು ವಿದ್ಯಾರ್ಥಿಯೇ. ಉಬ್ಬಿದ ಕೆಪಾಸಿಟರಿನ ಜೊತೆಗೆ ಅದರ ಜೋಡಿಯನ್ನೂ ತೆಗೆದು 35 ವೋಲ್ಟಿನವನ್ನು ಹಾಕಿದ. ಮತ್ತೆ ಅಳೆದಾಗ +16.4 ಮತ್ತು −16.3. ನಾಲ್ಕನೆಯ ಕಾಲಿನಲ್ಲಿ 12 ಮಿಲಿವೋಲ್ಟ್. ಆಮೇಲೆ ಸ್ಪೀಕರ್ ಜೋಡಿಸಿ ಮೊಬೈಲಿನಿಂದ ತತ್ತ್ವಪದವೊಂದನ್ನು ಹಾಕಿದೆವು. ದನಿ ಒಡೆಯಲಿಲ್ಲ.

ಅವನು ತೆಗೆದಿಟ್ಟಿದ್ದ ಹಳೆಯ ಎರಡು ಐಸಿಗಳನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆವು. ಎರಡೂ ಸರಿಯಾಗಿಯೇ ಹಾಡಿದವು. ಅಂಗಡಿಯವನ ಮಾಲಿನಲ್ಲಿ ದೋಷವಿರಲಿಲ್ಲ. ಅವನನ್ನು ಊರಲ್ಲಿ ಎಷ್ಟು ಜನರ ಮುಂದೆ ಬೈದಿರುವೆ ಎಂದು ನಾನು ಕೇಳಲಿಲ್ಲ. ಹುಡುಗನ ಮುಖ ನೋಡಿದರೆ ಸಾಕಾಗಿತ್ತು.

ಬೇರೆ ದೋಷಗಳ ಗುರುತುಗಳು

ಎಲ್ಲ ಪೆಟ್ಟಿಗೆಗಳಲ್ಲಿಯೂ ಇದೇ ದೋಷ ಇರುವುದಿಲ್ಲ. ಆದರೆ ಪ್ರತಿಯೊಂದು ದೋಷವೂ ಅಂಕಿಗಳ ಮೇಲೆ ತನ್ನದೇ ಗುರುತನ್ನು ಬಿಟ್ಟಿರುತ್ತದೆ.

ಎರಡೂ ಬದಿ ಸಮನಾಗಿ ಕಡಿಮೆ ಇದ್ದರೆ ಕಾರಣ ಎರಡಕ್ಕೂ ಸಾಮಾನ್ಯವಾದುದು: ಮನೆಯ ವಿದ್ಯುತ್ತು ಕುಸಿದಿರಬಹುದು, ಅಥವಾ ಆಂಪ್ಲಿಫಾಯರ್ ಬೋರ್ಡು ಅತಿಯಾಗಿ ಎಳೆಯುತ್ತಿರಬಹುದು. ಬೋರ್ಡಿಗೆ ಹೋಗುವ ತಂತಿಗಳನ್ನು ಬಿಡಿಸಿ ಪೂರೈಕೆಯನ್ನು ಮಾತ್ರ ಅಳೆದರೆ ದೋಷ ಯಾವ ಕಡೆಗಿದೆ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಸೀರೀಸ್ ಬಲ್ಬು ಉರಿಯುತ್ತಲೇ ಇದ್ದು ನೆಗೆಟಿವ್ ಬದಿ ಸೊನ್ನೆ ತೋರಿದರೆ ಐಸಿಯ ಬೆನ್ನನ್ನು ನೋಡಬೇಕು. ಟಿಡಿಎ 2030ರ ಲೋಹದ ಬೆನ್ನು ಒಳಗಿನಿಂದ 3ನೆಯ ಕಾಲಿಗೆ, ಅಂದರೆ ನೆಗೆಟಿವ್ ಪೂರೈಕೆಗೆ ಸೇರಿದೆ. ಶಾಖ ಚೆಲ್ಲುವ ಹೀಟ್ ಸಿಂಕಿಗೆ ಅದನ್ನು ನೇರವಾಗಿ ಬಿಗಿದು, ಆ ಹೀಟ್ ಸಿಂಕ್ ಗ್ರೌಂಡಿಗೆ ಸೇರಿದ ಪೆಟ್ಟಿಗೆಯನ್ನು ಮುಟ್ಟಿದರೆ ನೆಗೆಟಿವ್ ಬದಿ ಶಾರ್ಟ್ ಆಗುತ್ತದೆ. ನಡುವೆ ಮೈಕಾ ಎಂದು ಅಂಗಡಿಯಲ್ಲಿ ಕೇಳುವ ಅಭ್ರಕದ ಹಾಳೆ, ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಇರಲೇಬೇಕು.

ಎರಡೂ ಬದಿ ಸರಿಯಿದ್ದು 4ನೆಯ ಕಾಲು ಮಾತ್ರ +15ರ ಹತ್ತಿರ ಅಂಟಿಕೊಂಡಿದ್ದರೆ 2ನೆಯ ಕಾಲನ್ನು ಅಳೆಯಬೇಕು. 4ನೆಯ ಕಾಲಿನ ಸ್ಥಿತಿಯನ್ನು 22 ಕಿಲೋ ಓಮಿನ ರೆಸಿಸ್ಟರೊಂದು 2ನೆಯ ಕಾಲಿಗೆ ವರದಿ ಮಾಡುತ್ತಿರುತ್ತದೆ. ಆ ವರದಿಯನ್ನು ಆಧರಿಸಿ ಐಸಿ ತನ್ನನ್ನು ತಿದ್ದಿಕೊಳ್ಳುತ್ತದೆ. 2ನೆಯ ಕಾಲಿನಲ್ಲಿಯೂ +15 ಇದ್ದರೆ ವರದಿ ತಲುಪುತ್ತಿದೆ, ಐಸಿ ಕೇಳುತ್ತಿಲ್ಲ ಎಂದರ್ಥ. 1ನೆಯ ಕಾಲು ಸೊನ್ನೆಯಲ್ಲಿದ್ದರೆ ಐಸಿ ಸತ್ತಿದೆ. 2ನೆಯ ಕಾಲಿನಲ್ಲಿ ಆ ಅಂಕಿ ಇಲ್ಲದಿದ್ದರೆ ವರದಿಯ ದಾರಿಯೇ ತುಂಡಾಗಿದೆ. ಆ ರೆಸಿಸ್ಟರಿನ ಬೆಸುಗೆಯನ್ನು ನೋಡಬೇಕು. 1ನೆಯ ಕಾಲೇ ಸೊನ್ನೆಯಿಂದ ಸರಿದಿದ್ದರೆ ಅದನ್ನು ಗ್ರೌಂಡಿಗೆ ಕಟ್ಟಿಹಾಕುವ ರೆಸಿಸ್ಟರ್ ಬಿಟ್ಟುಹೋಗಿರುತ್ತದೆ.

ಎಲ್ಲ ಅಂಕಿಗಳೂ ಸರಿಯಿದ್ದು ದನಿ ಮಾತ್ರ ಒಡೆದು, ಐಸಿ ಕಾರಣವಿಲ್ಲದೆ ಕಾಯುತ್ತಿದ್ದರೆ ಅದು ಕಿವಿಗೆ ಕೇಳದ ಕಂಪನಕ್ಕೆ ಸಿಕ್ಕಿರಬಹುದು. 4ನೆಯ ಕಾಲಿನಿಂದ ಗ್ರೌಂಡಿಗೆ ಇರುವ 1 ಓಮಿನ ರೆಸಿಸ್ಟರ್ ಮತ್ತು ಚಿಕ್ಕ ಕೆಪಾಸಿಟರಿನ ಜೋಡಿಯನ್ನು ಬಿಟ್ಟಿಲ್ಲವಷ್ಟೆ ಎಂದು ನೋಡಬೇಕು. ಇದನ್ನು ಡಿ.ಸಿ. ಮೀಟರ್ ತೋರಿಸಲಾರದು.

ಊರಿಗೆ ಹೋದ ಮೇಲೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೆಟ್ಟಿಗೆಯನ್ನು ಒಯ್ಯುವಾಗ ವಿದ್ಯಾರ್ಥಿಗೆ ಒಂದು ಕೆಲಸ ಹೇಳಿದ್ದೆ: ಊರಲ್ಲಿ ಸಂಜೆಗೊಮ್ಮೆ, ನಡುರಾತ್ರಿಗೊಮ್ಮೆ ಪಾಸಿಟಿವ್ ಬದಿಯ ಅಂಕಿಯನ್ನು ಬರೆದುಕೊಂಡು ಬಾ ಎಂದು. ಅವನು ತಂದ ಚೀಟಿಯಲ್ಲಿ ಸಂಜೆ 7ಕ್ಕೆ 14.1, ರಾತ್ರಿ 12ಕ್ಕೆ 17.7 ಎಂದಿತ್ತು. ಮನೆಗಳಲ್ಲಿ ದೀಪ, ಹೊಲಗಳಲ್ಲಿ ಪಂಪುಗಳು ನಡೆಯುವಾಗ ವಿದ್ಯುತ್ತು ಕುಸಿಯುತ್ತದೆ. ಅವು ನಿಂತಾಗ ಏರುತ್ತದೆ. 17.7ಕ್ಕೆ ಡಯೋಡಿನ 0.7 ಕೂಡಿಸಿ 1.414ರಿಂದ ಭಾಗಿಸಿದರೆ 13 ವೋಲ್ಟ್. 12ಕ್ಕೆ 230 ಆದರೆ 13ಕ್ಕೆ ಸುಮಾರು 249. ಅಪಾಯದ ಬದಿಯನ್ನು ಮುಟ್ಟದೆಯೇ ಊರಿನ ವಿದ್ಯುತ್ತನ್ನು ಹೀಗೆ ಅಂದಾಜು ಮಾಡಿದಂತಾಯಿತು.

ಟಿಡಿಎ 2030 ತಾಳಿಕೊಳ್ಳುವ ಗರಿಷ್ಠ ಪೂರೈಕೆ ±18 ವೋಲ್ಟ್. ಅಂಚು ಕೇವಲ 0.3. ಭಜನೆ ತುಂಬಿ ಬರುವುದು ಆ ನಡುರಾತ್ರಿಯಲ್ಲಿಯೇ. ಈ ಸಲ ಅಂಕಿ ತಪ್ಪಿರಲಿಲ್ಲ, ಮಂಡಲದಲ್ಲಿ ದೋಷವೂ ಇರಲಿಲ್ಲ. ಆದರೂ ಅದನ್ನು ಹಾಗೆಯೇ ಬಿಡುವಂತಿರಲಿಲ್ಲ. ಪರಿಹಾರ ಎರಡು. 9-0-9 ಟ್ರಾನ್ಸ್‌ಫಾರ್ಮರ್ ಹಾಕಿದರೆ ಪೂರೈಕೆ ±12ರ ಹತ್ತಿರ ಇಳಿಯುತ್ತದೆ. ಶಕ್ತಿ ಸುಮಾರು ಅರ್ಧವಾದರೂ ಕಿವಿಗೆ ಸದ್ದು ತುಸುವೇ ತಗ್ಗಿದಂತೆ ತೋರುತ್ತದೆ. ಇಲ್ಲವಾದರೆ ±22 ವೋಲ್ಟ್ ತಾಳುವ ಟಿಡಿಎ 2030ಎ ಎಂಬ ಐಸಿಯನ್ನು ಹಾಕಬೇಕು. ಕಾಲುಗಳ ಕ್ರಮ ಅದೇ. ಹೆಸರಿನ ಕೊನೆಯಲ್ಲಿ ಒಂದಕ್ಷರ ಮಾತ್ರ ಹೆಚ್ಚು. ಒಂದಕ್ಷರದ ಪಾಠಭೇದಕ್ಕೆ ಎಷ್ಟು ಬೆಲೆಯೆಂದು ನಮ್ಮ ತರಗತಿಗಳಲ್ಲಿ ಆಗಾಗ ಹೇಳುತ್ತಿರುತ್ತೇವೆ. ಇಲ್ಲಿ ಆ ಬೆಲೆ 4 ವೋಲ್ಟ್. ವಿದ್ಯಾರ್ಥಿ ಎರಡನೆಯದನ್ನು ಆರಿಸಿಕೊಂಡ. ಅದೇ ಅಂಗಡಿಗೆ ಹೋಗಿ ಕೊಂಡು ತಂದ.

ಒಂದು ವಹಿಯನ್ನಿಡಿ

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದಾಗ ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಬರೆದೇ ತೋರಿಸಬೇಕಾಗಿತ್ತು. ನಮ್ಮ ಗಡಿಭಾಗದಲ್ಲಿ ಇಂದಿಗೂ ಕಿಟ್ಟಿನ ಜೊತೆಗೆ ಬರುವ ಹಾಳೆ ಇಂಗ್ಲಿಷಿನಲ್ಲಿರುತ್ತದೆ, ಅಂಗಡಿಯ ಮಾತು ಮರಾಠಿಯಲ್ಲಿ ನಡೆಯುತ್ತದೆ, ಬೆಸೆಯುವ ಹುಡುಗ ಯೋಚಿಸುವುದು ಕನ್ನಡದಲ್ಲಿ. ಮೂರರ ನಡುವೆ ಅರ್ಥ ಜಾರಿಹೋಗುವುದು ಸುಲಭ. ‘ವೋಲ್ಟೇಜ್ ತಪ್ಪು’ ಎಂಬ ಎರಡು ಪದಗಳ ಬದಲಿಗೆ “ಬೋರ್ಡಿನ ಗ್ರೌಂಡಿನಿಂದ ಪಾಸಿಟಿವ್ ತುದಿಗೆ 16.3 ಬರಬೇಕಾದಲ್ಲಿ 4.8 ಬರುತ್ತದೆ, ದೀಪ ಮಂಕಾಗಿದೆ” ಎಂದು ಬರೆದುಕೊಂಡಿದ್ದರೆ ಅರ್ಧ ದೋಷ ಆ ವಾಕ್ಯದಲ್ಲಿಯೇ ಸಿಕ್ಕಿಬೀಳುತ್ತಿತ್ತು. ಪೂರ್ಣ ವಾಕ್ಯವನ್ನು ಬರೆಯುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಕಷ್ಟದ ಕೆಲಸವಲ್ಲ.

ಯಂತ್ರವನ್ನು ಕಟ್ಟುವವರು ಒಂದು ವಹಿಯನ್ನಿಡಿ. ಎಡಬದಿಯ ಪುಟದಲ್ಲಿ ಬರಬೇಕಾದ ಅಂಕಿ, ಬಲಬದಿಯಲ್ಲಿ ಬಂದ ಅಂಕಿ, ಎರಡು ಮೊನೆಗಳೂ ಎಲ್ಲಿದ್ದವು ಎಂಬ ವಿವರ, ದಿನಾಂಕ ಮತ್ತು ವೇಳೆ ಬರೆಯಿರಿ. ಟ್ರಾನ್ಸ್‌ಫಾರ್ಮರಿನಿಂದ ಆರಂಭಿಸಿ ಸ್ಪೀಕರಿನ ಕಡೆಗೆ ಒಂದೊಂದೇ ಹೆಜ್ಜೆ ಹೋಗಿ, ಎರಡು ಪುಟಗಳು ಮೊದಲ ಬಾರಿಗೆ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಲ್ಲಿ. ಆ ಬಿಂದುವಿಗೂ ಅದರ ಹಿಂದಿನದಕ್ಕೂ ನಡುವೆ ಏನಿದೆಯೋ ಅದನ್ನು ನೋಡಿ. ಅಲ್ಲಿಯವರೆಗೆ ಏನನ್ನೂ ಬದಲಿಸಬೇಡಿ, ಯಾರನ್ನೂ ಬೈಯಬೇಡಿ.

ಆ ವಿದ್ಯಾರ್ಥಿಯ ವಹಿ ಈಗ ಹನ್ನೊಂದನೆಯ ಪುಟದಲ್ಲಿದೆ. ಶ್ರಾವಣದ ಭಜನೆ ಆ ಪೆಟ್ಟಿಗೆಯಲ್ಲಿಯೇ ನಡೆಯಿತು. ಕಳೆದ ತಿಂಗಳು ಪಕ್ಕದ ಊರಿನ ಮಂಡಳಿಯವರು ತಮ್ಮ ಸೆಟ್ಟಿನಲ್ಲಿ ಗುಂಯ್‌ಗುಡುವ ಸದ್ದು ಬರುತ್ತದೆಂದು ಅವನನ್ನು ಕರೆಸಿಕೊಂಡಿದ್ದರಂತೆ. ಮೀಟರ್ ತೆಗೆಯುವ ಮೊದಲು ಅವನು ಒಂದು ಹಾಳೆ, ಪೆನ್ನು ಕೇಳಿದನೆಂದು ತಿಳಿದು ಸಂತೋಷವಾಯಿತು.